ಟಿಕೆಟ್ ರೊಕ್ಕ ವಸೂಲಿ ಮತ್ತು ಕೂಸಿನ ನಿದ್ದೆ

ದಸರಾ ರಜೆ, ಬೇಸಿಗೆ ರಜೆ ಬಂತೆಂದರೆ ಹುಬ್ಬಳ್ಳಿಯ ನಮ್ಮ ಮಕ್ಕಳ ದವಾಖಾನೆಗೆ ಒಂದೇ ತರಹದ ಕೇಸುಗಳು ಬರುತ್ತವೆ. ಮೈ ಬೆಚ್ಚಗೆ, ಒಂದೆರಡು ಸಲ ವಾಂತಿ, ಊಟ ಬೇಡ, ಬರೀ ರಚ್ಚೆ. ಎಲ್ಲಿಗಾದರೂ ಹೋಗಿದ್ದಿರಾ ಅಂತ ಕೇಳಿದರೆ, ಬೆಂಗಳೂರಿನ ಕಡೆ ಥೀಮ್ ಪಾರ್ಕಿಗೆ ಅನ್ನುತ್ತಾರೆ. ಇದರಲ್ಲಿ ಪಾರ್ಕಿನದು ಏನೂ ತಪ್ಪಿಲ್ಲ. ನಾವು ಹಾಕಿಕೊಳ್ಳುವ ಪ್ಲ್ಯಾನೇ ದೊಡ್ಡವರ ಲೆಕ್ಕದ್ದು.

ಆ ಪ್ಲ್ಯಾನ್ ನಿಮಗೂ ಗೊತ್ತಿರುತ್ತದೆ. ರಾತ್ರಿ ರೈಲು ಹತ್ತುವುದು, ನಸುಕಿನಲ್ಲಿ ಬೆಂಗಳೂರು, ಸ್ಟೇಷನ್ ಹತ್ತಿರ ಎಲ್ಲೋ ಮುಖ ತೊಳೆದು ಇಡ್ಲಿ ತಿಂದು ಸೀದಾ ಬಿಡದಿ. ಸಂಜೆ ಗೇಟು ಹಾಕುವತನಕ ಆಟ. ಮತ್ತೆ ರಾತ್ರಿ ರೈಲು. ಲಾಡ್ಜ್ ಖರ್ಚು ಉಳಿಯುತ್ತದೆ, ನಿಜ. ಆದರೆ ಮೂರರಿಂದ ಐದು ವರ್ಷದ ಮಗುವಿಗೆ ಹಗಲು ನಿದ್ದೆ ಸೇರಿ ದಿನಕ್ಕೆ 10ರಿಂದ 13 ತಾಸು ನಿದ್ದೆ ಬೇಕು. ಮಿಡಲ್ ಬರ್ತಿನಲ್ಲಿ ಅವ್ವನ ಮಗ್ಗುಲಿಗೆ ಇರುಕಿಕೊಂಡು ಮಲಗಿದ ಕೂಸಿಗೆ ಅದರ ಅರ್ಧ ಸಿಕ್ಕರೆ ದೊಡ್ಡದು. ಒಂದು ರಾತ್ರಿ ಬೆಂಗಳೂರಿನಲ್ಲಿ ಉಳಿಯಿರಿ. 2023ರಿಂದ ಧಾರವಾಡ–ಬೆಂಗಳೂರು ವಂದೇ ಭಾರತ್ ಹಗಲಲ್ಲೇ ಓಡುತ್ತಿದೆ. ಅದರಲ್ಲಿ ಹೋಗಿ ಮಲಗಿ, ಮರುದಿನ ಪಾರ್ಕಿಗೆ ಹೊರಟರೆ ಅರ್ಧ ತ್ರಾಸು ಅಲ್ಲೇ ಕಡಿಮೆ.

ಇನ್ನು ಪಾರ್ಕಿನ ಒಳಗಿನ ಮಾತು. 2005ರಲ್ಲಿ ಶುರುವಾದ ಬಿಡದಿಯ ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್ಟಿಗೆ ನೋಡುವುದು ವಯಸ್ಸಲ್ಲ, ಎತ್ತರ. ದೊಡ್ಡ ರೈಡುಗಳಿಗೂ ಅಷ್ಟೇ. ನಾಲ್ಕು ವರ್ಷದ ಮಗು ಸುಮಾರು 100 ಸೆಂಟಿಮೀಟರ್ ಇರುತ್ತದೆ. ಅಂದರೆ ನೀವು ವಿಡಿಯೊದಲ್ಲಿ ತೋರಿಸಿ ಆಸೆ ಹಚ್ಚಿದ ಬಹಳಷ್ಟು ಆಟಗಳಿಗೆ ಅದನ್ನು ಬಿಡುವುದೇ ಇಲ್ಲ. ಪಾಳಿಯಲ್ಲಿ ನಿಂತು, ಅಳತೆ ಕೋಲಿನ ಮುಂದೆ ಹೋಗಿ, 'ಆಗಲ್ಲ' ಅನ್ನಿಸಿಕೊಂಡು ವಾಪಸ್ ಬರುವ ಮಗುವಿನ ಅಳು ನೋಡಲಾಗದು. ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳತೆ ಮಾಡಿ. ಯಾವ ಆಟ ಇದೆ, ಯಾವುದು ಇಲ್ಲ ಅಂತ ಮೊದಲೇ ಹೇಳಿ.

ತಾಯಿ-ತಂದೆ ಮೋಸ ಹೋಗುವುದು ಇಲ್ಲೇ. ದಣಿದ ಮಗು ಮೊದಲು ಕಣ್ಣು ಉಜ್ಜುತ್ತದೆ, ಕಿವಿ ಎಳೆದುಕೊಳ್ಳುತ್ತದೆ, ಕೈಯಲ್ಲಿದ್ದದ್ದು ಕೆಡವುತ್ತದೆ. ಅದು ಯಾರ ಕಣ್ಣಿಗೂ ಬೀಳಲಿಲ್ಲವೆಂದರೆ ಆಮೇಲೆ ಒಮ್ಮೆಲೇ ಚುರುಕಾಗುತ್ತದೆ. ಓಡುತ್ತದೆ, ಚೀರುತ್ತದೆ, ಸುಮ್ಮಸುಮ್ಮನೆ ನಗುತ್ತದೆ. 'ನೋಡ್ರಿ, ಎಷ್ಟು ಮಜಾ ಮಾಡಾಕತ್ತೈತಿ' ಅಂತ ನಾವು ಮತ್ತೊಂದು ರೈಡಿಗೆ ಕರೆದೊಯ್ಯುತ್ತೇವೆ. ಅದು ಮಜಾ ಅಲ್ಲ, ದಣಿವು ತಲೆಗೇರಿದ್ದು. ಅಲ್ಲಿಂದ ಅರ್ಧ ತಾಸಿನಲ್ಲಿ ನೆಲಕ್ಕೆ ಬಿದ್ದು ಹೊರಳಾಡುವುದು ಖಾತ್ರಿ.

ಹಾಗಾಗಿ ಕಣ್ಣು ಉಜ್ಜಿದಾಗಲೇ ಆಟ ನಿಲ್ಲಿಸಿ. ನೆರಳು ಹುಡುಕಿ ಚಾದರ ಹಾಸಿ, ಒಂದೂವರೆ ತಾಸು ಮಲಗಿಸಿ. ಆ ಹೊತ್ತಿನಲ್ಲಿ ದೊಡ್ಡ ಮಗನನ್ನು ಅಪ್ಪ ಕರೆದೊಯ್ಯಲಿ, ಆಮೇಲೆ ಅವ್ವನ ಸರದಿ. ಅಜ್ಜಿ ಜೊತೆಗಿದ್ದರೆ ಅವರಿಗೂ ಕಾಲು ಚಾಚಲು ಜಾಗ ಸಿಕ್ಕಂತಾಯಿತು. ನೀರಿನ ಆಟ ನಿದ್ದೆ ಆದ ಮೇಲೆ ಇರಲಿ. ತುಟಿ ನಡುಗಲು ಶುರುವಾದರೆ ಬಿಸಿಲಿದ್ದರೂ ಹೊರಗೆ ತೆಗೆದು ಒಣ ಬಟ್ಟೆ ಹಾಕಿ.

'ಡಾಕ್ಟರ್ರ, ಅಷ್ಟು ರೊಕ್ಕ ಕೊಟ್ಟೀವ್ರಿ, ಮಲಗಾಕ ಹೋಗೂದೇನ್ರಿ ಅಲ್ಲಿ?' ಅಂತ ಒಬ್ಬ ಅಜ್ಜ ನನ್ನನ್ನೇ ದಬಾಯಿಸಿದ್ದರು. ಅವರ ಮಾತಿನಲ್ಲೂ ನ್ಯಾಯ ಇದೆ. ಆದರೆ ಮೂರು ವರ್ಷದ ಮಗುವಿಗೆ ಟಿಕೆಟ್ ದರ ಗೊತ್ತಿಲ್ಲವಲ್ಲ. ಕುದುರೆ ಸುತ್ತುವ ಆಟವನ್ನೇ ನಾಲ್ಕು ಸಲ ಹತ್ತುತ್ತೇನೆ ಅಂದರೆ ಹತ್ತಲಿ ಬಿಡಿ.

ಊಟದ ವಿಷಯ ಜಾಸ್ತಿ ಹೇಳುವುದಿಲ್ಲ. ಹಸಿವಾಗುವ ಮೊದಲೇ ಸ್ವಲ್ಪ ಸ್ವಲ್ಪ ತಿನ್ನಿಸಿ. ನೀರು ಕೇಳದಿದ್ದರೂ ಆಗಾಗ ಕುಡಿಸಿ. ಓಆರ್‌ಎಸ್ ಒಯ್ದರೆ ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಇಡೀ ಪೊಟ್ಟಣ ಹಾಕಿ. ಅಂದಾಜಿಗೆ ಒಂದು ಚಮಚ ಹಾಕಿ ಕಲಕುವುದು ಬೇಡ. ಆರು ತಾಸಾದರೂ ಮಗು ಉಚ್ಚೆ ಮಾಡಿಲ್ಲ, ಮಂಕಾಗಿದೆ ಅಂದರೆ ಆಟ ಬಿಟ್ಟು ಡಾಕ್ಟರ ಹತ್ತಿರ ಹೋಗಿ.

ನಿಮ್ಮ ಮಗು ಎಷ್ಟು ತಾಸು ತಾಳುತ್ತದೆ ಅನ್ನುವುದನ್ನು ಬಿಡದಿಗೆ ಹೋಗುವ ಮೊದಲೇ ನೋಡಿಕೊಳ್ಳಬಹುದು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಹಳ್ಳಿ ಮಂದಿ, ಎತ್ತು, ಎಮ್ಮೆಗಳ ಆಳೆತ್ತರದ ಗೊಂಬೆಗಳು, ನಡೆದಾಡಲು ಬೇಕಾದಷ್ಟು ಜಾಗ. ಗದಗಿನವರಿಗೆ ಬಿಂಕದಕಟ್ಟಿ ಮೃಗಾಲಯ ಹತ್ತಿರ. ಬೆಳಿಗ್ಗೆ ತಿಂಡಿ ತಿನ್ನಿಸಿ ಕರೆದೊಯ್ದು, ಮೊದಲ ಸಲ 'ಎತ್ತಿಕೋ' ಅಂದದ್ದು ಯಾವಾಗ ಅಂತ ಗಡಿಯಾರ ನೋಡಿ. ಪಾರ್ಕಿನಲ್ಲಿ ಮೊದಲ ಬಿಡುವು ಅದಕ್ಕಿಂತ ಅರ್ಧ ತಾಸು ಮುಂಚೆ ಇಟ್ಟುಕೊಳ್ಳಿ.