ಪದ ಪರಿಚಯ: ನ್ಯಾನೋ ವಸ್ತು

ಉದ್ದ, ಅಗಲ, ದಪ್ಪ ಈ ಮೂರರಲ್ಲಿ ಒಂದಾದರೂ 1ರಿಂದ 100 ನ್ಯಾನೋಮೀಟರ್ ಒಳಗಿದ್ದರೆ ಅದು ನ್ಯಾನೋ ವಸ್ತು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಸಿಗುವ ಒಂದು ಪಾಲೇ ಒಂದು ನ್ಯಾನೋಮೀಟರ್. ಸಣ್ಣದು, ಸರಿ. ಅದಕ್ಕೆ ಇಷ್ಟೊಂದು ಸುದ್ದಿ ಯಾಕೆ?

ಒಂದು ಲೆಕ್ಕ ನೋಡಿ. ಒಂದು ಸೆಂಟಿಮೀಟರ್ ಘನದ ಆರೂ ಮುಖ ಸೇರಿದರೆ 6 ಚದರ ಸೆಂಟಿಮೀಟರ್ ಮೇಲ್ಮೈ. ಅದನ್ನೇ ಒಂದೊಂದು ನ್ಯಾನೋಮೀಟರಿನ ಘನಗಳಾಗಿ ಕತ್ತರಿಸಿದರೆ ಮೇಲ್ಮೈ 6,000 ಚದರ ಮೀಟರ್, ಹತ್ತಿರ ಹತ್ತಿರ ಒಂದೂವರೆ ಎಕರೆ! ತೂಕ ಮಾತ್ರ ಅಷ್ಟೇ. ಸುತ್ತಲಿನ ವಸ್ತುಗಳ ಜೊತೆ ರಾಸಾಯನಿಕ ಕ್ರಿಯೆ ನಡೆಯುವುದು ಮೇಲ್ಮೈಯಲ್ಲೇ ಅಲ್ವಾ? ಹಾಗಾಗಿ ಅದೇ ವಸ್ತು ಬೇರೆಯದೇ ರೀತಿ ವರ್ತಿಸುತ್ತದೆ.

ಜೈವಿಕ ಎಂಜಿನಿಯರಿಂಗ್ ಪ್ರಾಧ್ಯಾಪಕರೊಬ್ಬರು ಇಂಥ ನ್ಯಾನೋ ವಸ್ತು ಹಿಡಿದು ಗೊಬ್ಬರದ ಮೇಲೂ ಕ್ಯಾನ್ಸರ್ ಔಷಧದ ಮೇಲೂ ಒಟ್ಟಿಗೆ ಸಂಶೋಧನೆ ಮಾಡುತ್ತಾರೆ ಅಂದರೆ ವಿಚಿತ್ರ ಅನ್ನಿಸಬಹುದು. ಆದರೆ ಎರಡೂ ಕಡೆ ತಲೆನೋವು ಒಂದೇ: ಕೊಟ್ಟದ್ದು ಬೇಕಾದ ಜಾಗಕ್ಕೆ ಹೋಗುವುದಿಲ್ಲ. ಹೊಲಕ್ಕೆ ಹಾಕಿದ ಯೂರಿಯಾದ ಸಾರಜನಕದಲ್ಲಿ ದೊಡ್ಡ ಪಾಲು ಗಾಳಿಗೋ ನೀರಿಗೋ ಸೇರಿಬಿಡುತ್ತದೆ. ಡಾಕ್ಸೊರುಬಿಸಿನ್ ಎಂಬ ಕ್ಯಾನ್ಸರ್ ಔಷಧ ಗಡ್ಡೆಯ ಜೊತೆ ಹೃದಯವನ್ನೂ ಕೆಡಿಸುತ್ತದೆ.

ಔಷಧದ ಕಡೆ ದಾರಿ ಬೇಗ ಸಿಕ್ಕಿತು. ಅದೇ ಡಾಕ್ಸೊರುಬಿಸಿನ್ ಅನ್ನು ಸುಮಾರು 100 ನ್ಯಾನೋಮೀಟರ್ ಅಗಲದ ಕೊಬ್ಬಿನ ಗುಳ್ಳೆಯೊಳಗೆ ತುಂಬಿದ ಡಾಕ್ಸಿಲ್‌ಗೆ ಅಮೆರಿಕದಲ್ಲಿ 1995ರಲ್ಲಿ ಒಪ್ಪಿಗೆ ಸಿಕ್ಕಿತು. ಹೃದಯದ ರಕ್ತನಾಳದ ಗೋಡೆ ಬಿಗಿ, ಗುಳ್ಳೆ ಸುಲಭಕ್ಕೆ ದಾಟುವುದಿಲ್ಲ. ಗಡ್ಡೆಯ ರಕ್ತನಾಳ ಎಷ್ಟೋ ಸಲ ಸೋರುತ್ತಿರುತ್ತದೆ, ಅಲ್ಲಿ ನುಸುಳುತ್ತದೆ. ಹಾಗಂತ ಎಲ್ಲವೂ ಗುರಿ ಮುಟ್ಟುವುದಿಲ್ಲ. ಆರು ನ್ಯಾನೋಮೀಟರಿಗಿಂತ ಸಣ್ಣ ಕಣಗಳನ್ನು ಮೂತ್ರಪಿಂಡ ಸೋಸಿ ಹೊರಹಾಕುತ್ತದೆ, ದೊಡ್ಡವನ್ನು ಹೆಚ್ಚಾಗಿ ಯಕೃತ್ತು ಹಿಡಿದಿಟ್ಟುಕೊಳ್ಳುತ್ತದೆ. ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗಳಲ್ಲಿ ಆ ಎಂಆರ್‌ಎನ್‌ಎಯನ್ನು, ಅಂದರೆ ಪ್ರೋಟೀನ್ ತಯಾರಿಸುವ ಸೂಚನೆ ಹೊತ್ತ ಅಣುವನ್ನು, ಜೀವಕೋಶದೊಳಗೆ ಸಾಗಿಸಿದ್ದೂ ಇಂಥ ಕೊಬ್ಬಿನ ಕಣಗಳೇ.

ಗಿಡದ ಕತೆ ಇನ್ನೂ ಕಷ್ಟ. ಗಿಡಕ್ಕೆ ಬೇಕಾದ ಸತು ಕೊಡಲು ಸತುವಿನ ಆಕ್ಸೈಡ್‌ನ ನ್ಯಾನೋ ಕಣಗಳನ್ನು ಎಲೆಗೆ ಸಿಂಪಡಿಸಿದಿರಿ ಅಂದುಕೊಳ್ಳಿ. ಮೊದಲು ಎಲೆಯ ಮೇಣದ ಪದರ ಅಡ್ಡ ಬರುತ್ತದೆ. ಎಲೆ ಉಸಿರಾಡುವ ಸಣ್ಣ ತೂತು, ಅಂದರೆ ಪತ್ರರಂಧ್ರದಲ್ಲಿ ನುಗ್ಗಿದರೂ ಮುಂದೆ ಜೀವಕೋಶದ ಗೋಡೆ, ಅದರ ಸಂದುಗಳು ಕೆಲವೇ ನ್ಯಾನೋಮೀಟರ್ ಅಗಲ. ಮಣ್ಣಿಗೆ ಹಾಕಿದರೆ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ, ಆಗ ನ್ಯಾನೋ ಅನ್ನುವುದು ಸುಮ್ನೆ ಹೆಸರಿಗೆ ಮಾತ್ರ. ಖರ್ಚೂ ಇದೆ: ರೋಗಿಗೆ ಮಿಲಿಗ್ರಾಂ ಸಾಕು, ಹೊಲಕ್ಕೆ ಸಾಲದು. ಚೀಲದ ಮೇಲೆ ನ್ಯಾನೋ ಅಂತ ಬರೆದಿದ್ದರೆ, ಹೊಲದಲ್ಲಿ ಪರೀಕ್ಷೆ ಮಾಡಿದ ಇಳುವರಿಯ ಲೆಕ್ಕ ಕೇಳುವುದು ಒಳ್ಳೆಯದು.

ಕೆಲಸ ಮುಗಿದ ಮೇಲೆ ಕಣ ಎಲ್ಲಿ ಹೋಗುತ್ತದೆ ಅನ್ನುವುದನ್ನೂ ನ್ಯಾನೋ ವಸ್ತುಗಳ ಸಂಶೋಧಕರು ನೋಡಬೇಕು. ತಿಂಡಿಗೆ ಬಿಳಿ ಬಣ್ಣ ಕೊಡುತ್ತಿದ್ದ ಟೈಟಾನಿಯಂ ಡೈಆಕ್ಸೈಡ್‌ನಲ್ಲಿ ಒಂದಷ್ಟು ಕಣಗಳು ನ್ಯಾನೋ ಗಾತ್ರದವು. ಅದು ಡಿಎನ್‌ಎಗೆ ಹಾನಿ ಮಾಡುವುದಿಲ್ಲ ಎಂದು ಖಚಿತವಾಗಿ ಹೇಳಲಾಗದೆ, ಯುರೋಪಿಯನ್ ಒಕ್ಕೂಟ 2022ರಲ್ಲಿ ಆಹಾರದಲ್ಲಿ ಅದರ ಬಳಕೆಯನ್ನು ನಿಷೇಧಿಸಿತು.