ಒಂಟಿಯಾಗಿ ಮುಂದೆ ಹೋಗುವ ಲೆಕ್ಕ: ಅನ್ನೆಮೀಕ್ ವಾನ್ ಫ್ಲೂಟೆನ್ ರೇಸ್‌ಗಳನ್ನು ಓದುವ ಬಗೆ

ರೋಡ್ ಸೈಕ್ಲಿಂಗ್ ಕಲಿಯಲು ಹೊರಟವರು ಮೊದಲು ಪದಕಗಳ ಪಟ್ಟಿ ಹಿಡಿಯುತ್ತಾರೆ. ನಾನೂ ಹಾಗೇ ಮಾಡಿದ್ದೆ. ಯಾರು ಗೆದ್ದರು ಅಂತ ಗೊತ್ತಾಯಿತು, ಯಾಕೆ ಗೆದ್ದರು ಅಂತ ಗೊತ್ತಾಗಲಿಲ್ಲ. ಅದು ಅರ್ಥವಾದದ್ದು ನೆದರ್ಲೆಂಡ್ಸ್‌ನ ಅನ್ನೆಮೀಕ್ ವಾನ್ ಫ್ಲೂಟೆನ್ ಅವರ ಮೂರು ರೇಸ್‌ಗಳನ್ನು ಕೂತು ನೋಡಿದ ಮೇಲೆ. ಆ ಮೂರನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಗಾಳಿಯ ವಿಷಯ. ಎದುರುಗಾಳಿಗೆ ಸೈಕಲ್ ತುಳಿದವರಿಗೆ ಇದು ಮೈಯಲ್ಲೇ ಗೊತ್ತಿರುತ್ತದೆ. ಸಮತಟ್ಟು ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಶಕ್ತಿಯ ಬಹುಪಾಲು ಗಾಳಿಯನ್ನು ತಳ್ಳುವುದಕ್ಕೇ ಹೋಗುತ್ತದೆ. ವೇಗ ಎರಡರಷ್ಟಾದರೆ, ಗಾಳಿಗೆ ಕೊಡಬೇಕಾದ ಶಕ್ತಿ ಸುಮಾರು ಎಂಟರಷ್ಟಾಗುತ್ತದೆ. ಮುಂದಿನವರ ಚಕ್ರಕ್ಕೆ ಅಂಟಿಕೊಂಡು ಹೋದರೆ ಆ ಭಾರ ತುಂಬಾ ಇಳಿಯುತ್ತದೆ. ಎಲ್ಲರೂ ಗುಂಪಾಗಿ ಹೋಗುವುದು ಇದಕ್ಕೇ. ಆ ದೊಡ್ಡ ಗುಂಪಿಗೆ ಪೆಲೊಟಾನ್ ಎನ್ನುತ್ತಾರೆ. ಗುಂಪಿನಲ್ಲಿ ಸರದಿ ಮೇಲೆ ಮುಂದೆ ಬಂದು ಎಳೆದರೆ ಒಬ್ಬಂಟಿಯನ್ನು ಹಿಡಿಯುವುದು ಕಷ್ಟವಲ್ಲ.

ಹಾಗಾದರೆ ಒಬ್ಬರೇ ಮುಂದೆ ಹೋಗಿ ಗೆಲ್ಲುವುದು ಹೇಗೆ?

2019ರ ವಿಶ್ವ ಚಾಂಪಿಯನ್‌ಶಿಪ್ ನೋಡಿ. ಇಂಗ್ಲೆಂಡಿನ ಯಾರ್ಕ್‌ಶೈರ್, ಬ್ರಾಡ್‌ಫರ್ಡ್‌ನಿಂದ ಹ್ಯಾರೊಗೇಟ್‌ಗೆ ಸುಮಾರು 150 ಕಿಲೋಮೀಟರ್. ಲಾಫ್ಟ್‌ಹೌಸ್ ಎಂಬ ಏರಿನಲ್ಲಿ ವಾನ್ ಫ್ಲೂಟೆನ್ ವೇಗ ಹೆಚ್ಚಿಸಿದರು. ಜೊತೆಯವರು ಒಬ್ಬೊಬ್ಬರಾಗಿ ಹಿಂದುಳಿದರು. ಗುರಿ ಇನ್ನೂ 100 ಕಿಲೋಮೀಟರಿಗಿಂತ ಜಾಸ್ತಿ ದೂರವಿತ್ತು. ಅಲ್ಲಿಂದ ಕೊನೆವರೆಗೂ ಅವರು ಒಬ್ಬರೇ.

ಏರಿನಲ್ಲಿ ವೇಗ ಕಡಿಮೆ, ಹಾಗಾಗಿ ಗಾಳಿಯ ಆಟವೂ ಕಡಿಮೆ. ಅಲ್ಲಿ ಕಾಲಿನ ಬಲವೇ ಮುಖ್ಯ. ಅವರು ಆ ಜಾಗ ಆರಿಸಿದ್ದು ಅದಕ್ಕೇ. ಆದರೆ ಏರು ಮುಗಿದ ಮೇಲೆ? ಅವರನ್ನು ಉಳಿಸಿದ್ದು ಬರೀ ಕಾಲಲ್ಲ. ಬೆನ್ನಟ್ಟಿದ ಸಣ್ಣ ಗುಂಪಿನಲ್ಲಿ ಅದೇ ದೇಶದ ಅನ್ನಾ ವಾನ್ ಡರ್ ಬ್ರೆಗ್ಗೆನ್ ಇದ್ದರು. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ದೇಶದ ತಂಡಗಳು ಓಡುತ್ತವೆ. ತಮ್ಮವರೇ ಮುಂದಿರುವಾಗ ಅವರು ಯಾಕೆ ಎಳೆಯುತ್ತಾರೆ? ಸುಮ್ನೆ ಹಿಂದೆ ಕೂತು ಶಕ್ತಿ ಉಳಿಸಿಕೊಂಡರು. ಉಳಿದವರಿಗೆ ಒಂದೇ ಯೋಚನೆ: ನಾನು ಎಳೆದು ಸುಸ್ತಾದರೆ ಲಾಭ ಇವರಿಗೆ ತಾನೇ? ‘ನೀ ಎಳಿ, ನಾ ಯಾಕೆ ಎಳೀಲಿ’ ಅನ್ನುವ ಈ ಹಗ್ಗಜಗ್ಗಾಟವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಈ ಕ್ರೀಡೆಯ ಅರ್ಧ ಅದರಲ್ಲೇ ಇದೆ. ವಾನ್ ಫ್ಲೂಟೆನ್ ಎರಡು ನಿಮಿಷಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. ಎರಡನೇ ಸ್ಥಾನ ವಾನ್ ಡರ್ ಬ್ರೆಗ್ಗೆನ್ ಅವರಿಗೇ.

ಈಗ ಅದೇ ಲೆಕ್ಕ ತಿರುಗಿ ಬಿದ್ದ ದಿನ. 2021ರ ಜುಲೈ 25, ಟೋಕಿಯೋ ಒಲಿಂಪಿಕ್ಸ್. ಶುರುವಿನಲ್ಲೇ ಐದು ಜನ ಮುಂದೆ ಹೋದರು. ಅವರಲ್ಲಿ ಆಸ್ಟ್ರಿಯಾದ ಅನ್ನಾ ಕೀಸನ್‌ಹೋಫರ್ ಒಬ್ಬರು. ಗಣಿತದ ಸಂಶೋಧಕಿ, ಯಾವ ವೃತ್ತಿಪರ ತಂಡದಲ್ಲೂ ಇರಲಿಲ್ಲ. ಈ ಐವರಿಗೆ ಹಿಂದಿನ ಗುಂಪು ಹತ್ತು ನಿಮಿಷದಷ್ಟು ಅಂತರ ಬಿಟ್ಟುಕೊಟ್ಟಿತು. ಆ ಗುಂಪಿನಲ್ಲಿದ್ದ ನೆದರ್ಲೆಂಡ್ಸ್‌ನವರು ವಾನ್ ಫ್ಲೂಟೆನ್ ಸೇರಿ ನಾಲ್ವರು, ನಾಲ್ವರೂ ಘಟಾನುಘಟಿಗಳು. ಅವರೇ ಎಳೆದು ಹಿಡಿಯಲಿ ಅಂತ ಉಳಿದ ತಂಡಗಳು ಕಾದವು. ಅವರು ತಡ ಮಾಡಿದರು.

ಒಲಿಂಪಿಕ್ಸ್‌ನಲ್ಲಿ ಕಿವಿಗೆ ರೇಡಿಯೋ ಇರುವುದಿಲ್ಲ. ಮುಂದೆ ಎಷ್ಟು ಜನ ಇದ್ದಾರೆ, ಎಷ್ಟು ದೂರ ಇದ್ದಾರೆ ಅನ್ನುವುದನ್ನು ತಾವೇ ಲೆಕ್ಕ ಇಟ್ಟುಕೊಳ್ಳಬೇಕು. ಸುಮಾರು 40 ಕಿಲೋಮೀಟರ್ ಬಾಕಿ ಇದ್ದಾಗ ಕೀಸನ್‌ಹೋಫರ್ ಜೊತೆಗಾರರನ್ನೂ ಬಿಟ್ಟು ಒಬ್ಬರೇ ಹೋಗಿದ್ದರು. ಕೊನೆಯಲ್ಲಿ ಆ ಜೊತೆಗಾರರು ಸಿಕ್ಕಿಬಿದ್ದಾಗ, ಎಲ್ಲರನ್ನೂ ಹಿಡಿದಾಯಿತು ಎಂದುಕೊಂಡರು ಹಿಂದಿನವರಲ್ಲಿ ಹಲವರು. ವಾನ್ ಫ್ಲೂಟೆನ್ ಕೊನೆಯ ನೂಕು ನೂಕಿ ಗುಂಪಿನಿಂದ ಬಿಡಿಸಿಕೊಂಡು, ಫ್ಯೂಜಿ ಸ್ಪೀಡ್‌ವೇ ಟ್ರ್ಯಾಕಿನಲ್ಲಿ ಎರಡೂ ಕೈ ಮೇಲೆತ್ತಿ ಗೆರೆ ದಾಟಿದರು. ಮುಖದ ತುಂಬ ಖುಷಿ. ಚಿನ್ನ ಗೆದ್ದೆ ಅಂತಲೇ ಅಂದುಕೊಂಡಿದ್ದರು. ಕೀಸನ್‌ಹೋಫರ್ 75 ಸೆಕೆಂಡ್ ಮೊದಲೇ ಗೆದ್ದಾಗಿತ್ತು. ಆ ಎತ್ತಿದ ಕೈಗಳನ್ನು ಈಗ ನೋಡಿದರೂ ನನಗೆ ಹೊಟ್ಟೆ ಹಿಂಡಿದ ಹಾಗಾಗುತ್ತದೆ.

ಅದಕ್ಕೂ ಐದು ವರ್ಷ ಹಿಂದೆ, 2016ರ ರಿಯೋ ಒಲಿಂಪಿಕ್ಸ್‌ನಲ್ಲೂ ವಾನ್ ಫ್ಲೂಟೆನ್ ಮುಂದಿದ್ದರು. ಇಳಿಜಾರಿನ ತಿರುವಿನಲ್ಲಿ ಬಿದ್ದು ಬೆನ್ನೆಲುಬು ಮೂರು ಕಡೆ ಬಿರುಕು ಬಿಟ್ಟಿತ್ತು. ಟೋಕಿಯೋದಲ್ಲಿ ಆ ಸೋಲಿನ ಮೂರೇ ದಿನದ ನಂತರ ಟೈಮ್ ಟ್ರಯಲ್. ಒಬ್ಬೊಬ್ಬರನ್ನೇ ಬೇರೆ ಬೇರೆ ಬಿಡುತ್ತಾರೆ, ಯಾರ ಹಿಂದೆಯೂ ಅಡಗುವಂತಿಲ್ಲ. ಗಡಿಯಾರವೊಂದೇ ಎದುರಾಳಿ. ಅಲ್ಲಿ ಅವರು 56 ಸೆಕೆಂಡ್ ಅಂತರದಲ್ಲಿ ಚಿನ್ನ ಗೆದ್ದರು.

2022 ಅವರ ದೊಡ್ಡ ವರ್ಷ. ಇಟಲಿಯ ‘ಜಿರೋ’ (Giro) ರೇಸ್ ಗೆದ್ದರು. ಹೊಸ ರೂಪದಲ್ಲಿ ಶುರುವಾದ ಮಹಿಳೆಯರ ಟೂರ್ ದ ಫ್ರಾನ್ಸ್‌ನಲ್ಲಿ ಮೊದಲ ದಿನಗಳು ಹೊಟ್ಟೆ ಕೆಟ್ಟು ನರಳಿದರೂ, ಕೊನೆಯ ಎರಡು ದಿನ ಬೆಟ್ಟಗಳಲ್ಲಿ ಎಲ್ಲರನ್ನೂ ಬಿಟ್ಟುಹೋಗಿ ಗೆದ್ದರು. ಆಮೇಲೆ ಸ್ಪೇನಿನ ರೇಸ್. ಇವೆಲ್ಲ ಹಲವು ದಿನಗಳ ಒಟ್ಟು ಸಮಯದ ಮೇಲೆ ನಿಲ್ಲುವ ರೇಸ್‌ಗಳು.

ಆದರೆ ನನಗೆ ಮುಖ್ಯವಾದದ್ದು ಅದೇ ಸೆಪ್ಟೆಂಬರ್‌ನ ವಿಶ್ವ ಚಾಂಪಿಯನ್‌ಶಿಪ್, ಆಸ್ಟ್ರೇಲಿಯಾದ ವೊಲಾಂಗಾಂಗ್‌ನಲ್ಲಿ. ಕೆಲವೇ ದಿನ ಮೊದಲು ತಂಡದ ರೇಸ್‌ನಲ್ಲಿ ಬಿದ್ದು ಮೊಣಕೈ ಮುರಿದಿತ್ತು. ಸೀಟಿನಿಂದ ಎದ್ದು ತುಳಿಯಲು ಆಗುತ್ತಿರಲಿಲ್ಲ. ಏರಿನಲ್ಲಿ ಬಿಟ್ಟುಹೋಗುವ ಅವರ ಹಳೆಯ ದಾರಿ ಮುಚ್ಚಿತ್ತು. ತಂಡದ ಮರಿಯಾನ್ನೆ ವೋಸ್‌ಗೆ ನೆರವಾಗುವುದಷ್ಟೇ ಅಂದುಕೊಂಡು ಹೊರಟಿದ್ದರು.

ಕೊನೆಯ ಕಿಲೋಮೀಟರ್. ಮುಂದಿನ ಸಣ್ಣ ಗುಂಪನ್ನು ಇವರ ಗುಂಪು ಆಗಷ್ಟೇ ಸೇರಿತು. ಇಂಥ ಹೊತ್ತಿನಲ್ಲಿ ಎಲ್ಲರೂ ಒಂದು ಕ್ಷಣ ಉಸಿರು ಬಿಟ್ಟು ಪಕ್ಕದವರ ಮುಖ ನೋಡುತ್ತಾರೆ. ಮತ್ತದೇ ‘ನೀ ಎಳಿ’. ವಾನ್ ಫ್ಲೂಟೆನ್ ಆ ಕ್ಷಣಕ್ಕೆ ಕಾಯಲೇ ಇಲ್ಲ. ಹಿಂದಿನಿಂದ ಬಂದ ವೇಗದಲ್ಲೇ, ಸೀಟಿನ ಮೇಲೆ ಕೂತಂತೆಯೇ, ಪಕ್ಕದಿಂದ ಹಾದುಹೋದರು. ಹಿಂದಿನವರಿಗೆ ಅರ್ಥವಾಗುವಷ್ಟರಲ್ಲಿ ಅಂತರ ಬಿದ್ದಿತ್ತು. ಕೊನೆಗೆ ಉಳಿದದ್ದು ಒಂದೇ ಸೆಕೆಂಡ್, ಗೆಲ್ಲಲು ಅಷ್ಟು ಸಾಕಾಯಿತು. ಯಾರ್ಕ್‌ಶೈರ್‌ನಲ್ಲಿ 100 ಕಿಲೋಮೀಟರ್‌ಗೂ ಜಾಸ್ತಿ ದೂರ ಬಳಸಿದ ಉಪಾಯವನ್ನು ಇಲ್ಲಿ ಒಂದು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ಬಳಸಿದ್ದರು. 40 ತುಂಬಲು ಅವರಿಗೆ ಎರಡು ವಾರ ಬಾಕಿ ಇತ್ತು.