ವಿಮಾನ ಸಂಸ್ಥೆಗೆ ಲಾಭ ಬಂತು, ನಮ್ಮ ಸೀಟಿಗೆ ಬಂದದ್ದೇನು?

ಓದುಗರ ಪ್ರಶ್ನೆ: "ನಾನು ಬೆಳಗಾವಿಯ ಟಿಳಕವಾಡಿಯವನು, ನಿವೃತ್ತ. ಮಗಳ ಮನೆಗೆಂದು ಆಗಾಗ ಸಾಂಬ್ರಾದಿಂದ ವಿಮಾನ ಹತ್ತುತ್ತೇನೆ. ಕೊರೊನಾ ಕಾಲದಲ್ಲಿ ನಷ್ಟದ ಮಾತನ್ನೇ ಆಡುತ್ತಿದ್ದ ಸಂಸ್ಥೆಗಳು ಆಮೇಲೆ ಸಾವಿರಾರು ಕೋಟಿ ಲಾಭ ತೋರಿಸಿದವು. ಆದರೆ ಮೊಣಕಾಲಿಗೆ ಜಾಗ ಹೆಚ್ಚಲಿಲ್ಲ, ಚಹಾಕ್ಕೂ ಹಣ ಕೊಡಬೇಕು. ಹೊಸದಾಗಿ ಬಂದದ್ದೆಲ್ಲ ಮುಂದಿನ ಸಾಲಿನವರಿಗೆ. ದುಡ್ಡು ನಮ್ಮದು, ಸೌಕರ್ಯ ಅವರಿಗೆ ಎಂದರೆ ಇದು ಯಾವ ನ್ಯಾಯ?"

ನಿಮ್ಮ ಸಿಟ್ಟಿಗೆ ಕಾರಣವಿದೆ, ಆದರೆ ಅದು ಮುಂದಿನ ಸಾಲಿನವರ ಮೇಲೆ ತಿರುಗಿದ್ದು ಸರಿಯಲ್ಲ. ಅವರ ಸೀಟನ್ನು ಅಗಲ ಮಾಡಿದ್ದು ನಿಮ್ಮ ಹಣದಿಂದಲ್ಲ. ನಿಮಗೆ ಸಲ್ಲಬೇಕಾದದ್ದು ಬೇರೆಯೇ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಲಾಭದ ಗಾತ್ರ. ಸಾವಿರಾರು ಕೋಟಿ ಎಂದಾಗ ಕಣ್ಣು ಅರಳುತ್ತದೆ, ಆದರೆ ಅದನ್ನು ತಲೆಗೆ ಇಷ್ಟೆಂದು ಹಂಚಿದರೆ ಉಳಿಯುವುದು ಅಲ್ಪ. ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘ 2025ರಲ್ಲಿ ಮಾಡಿದ ಅಂದಾಜಿನಂತೆ, ಜಗತ್ತಿನ ವಿಮಾನ ಸಂಸ್ಥೆಗಳಿಗೆ ಒಬ್ಬ ಪ್ರಯಾಣಿಕನಿಂದ ಉಳಿಯುವ ನಿವ್ವಳ ಲಾಭ ಏಳು ಡಾಲರ್ ಆಸುಪಾಸು, ಅಂದರೆ ಸುಮಾರು ಆರುನೂರು ರೂಪಾಯಿ. ಆ ಲಾಭವೂ ನೆಲೆ ನಿಂತದ್ದಲ್ಲ. ಇಂಡಿಗೋ ಸಂಸ್ಥೆ 2020-21ರಲ್ಲಿ 5,806 ಕೋಟಿ, ಮರುವರ್ಷ 6,162 ಕೋಟಿ ರೂಪಾಯಿ ನಷ್ಟ ಅನುಭವಿಸಿತು. 2023-24ರಲ್ಲಿ 8,172 ಕೋಟಿ ಲಾಭಕ್ಕೆ ಏರಿತು. 2025ರ ಜುಲೈ-ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಮತ್ತೆ 2,582 ಕೋಟಿ ನಷ್ಟ. ಆ ನಷ್ಟಕ್ಕೆ ಮುಖ್ಯ ಕಾರಣ ಖಾಲಿ ಸೀಟುಗಳಲ್ಲ, ರೂಪಾಯಿಯ ಕುಸಿತ. ವಿಮಾನದ ಬಾಡಿಗೆ, ಬಿಡಿಭಾಗ, ಎಂಜಿನ್ ರಿಪೇರಿ ಎಲ್ಲವನ್ನೂ ಡಾಲರಿನಲ್ಲಿ ಕೊಡಬೇಕು. ನೀವು ಟಿಕೆಟ್ ಕೊಳ್ಳುವುದು ರೂಪಾಯಿಯಲ್ಲಿ.

ಇಂಥ ವ್ಯವಹಾರದಲ್ಲಿ ಲಾಭಕ್ಕೆ ಮರಳಿದವನು ಮೊದಲು ಹುಡುಕುವುದು ಏಟು ತಿಂದರೂ ಕೈಬಿಡದ ಆದಾಯವನ್ನು. ಮುಂದಿನ ಸಾಲು ಹುಟ್ಟುವುದು ಹೀಗೆ. 2006ರಿಂದ ಎಲ್ಲರಿಗೂ ಒಂದೇ ದರ್ಜೆ ಎಂದು ನಡೆದುಬಂದ ಇಂಡಿಗೋ, 2024ರ ನವೆಂಬರಿನಲ್ಲಿ ದೆಹಲಿ-ಮುಂಬೈ ನಡುವೆ 'ಸ್ಟ್ರೆಚ್' ಹೆಸರಿನ ಬಿಸಿನೆಸ್ ದರ್ಜೆ ತಂದಿತು. ಅದರ ಲೆಕ್ಕ ನೋಡುವಂಥದ್ದು. ಏರ್‌ಬಸ್ ಎ321 ವಿಮಾನದಲ್ಲಿ ಎಲ್ಲವೂ ಎಕಾನಮಿಯಾದರೆ 232 ಸೀಟು ಹಿಡಿಸುತ್ತವೆ. ಹೊಸ ಜೋಡಣೆಯಲ್ಲಿ 208 ಎಕಾನಮಿ, 12 ಬಿಸಿನೆಸ್. ಅಂದರೆ 24 ಸಾಧಾರಣ ಸೀಟುಗಳ ಜಾಗದಲ್ಲಿ 12 ದೊಡ್ಡ ಸೀಟು ಕೂತವು. ಆರಂಭದ ದರ 18,018 ರೂಪಾಯಿ. ಎಕಾನಮಿ ಟಿಕೆಟ್ ಆರು ಸಾವಿರಕ್ಕೆ ಮಾರಾಟವಾಗುವ ದಿನವನ್ನು ಉದಾಹರಣೆಗೆ ಹಿಡಿಯಿರಿ. ಕಿತ್ತುಹಾಕಿದ 24 ಸೀಟೂ ತುಂಬುತ್ತಿದ್ದವು ಎಂದುಕೊಂಡರೆ ಕೈತಪ್ಪಿದ ಆದಾಯ 1,44,000 ರೂಪಾಯಿ. ದೊಡ್ಡ ಸೀಟುಗಳಲ್ಲಿ ಎಂಟು ಮಾರಾಟವಾದರೆ 1,44,144. ಎಂಟನೆಯ ಗಿರಾಕಿ ಕೂತ ಕ್ಷಣ ಹೆಚ್ಚುಕಡಿಮೆ ಸಮ, ಉಳಿದ ನಾಲ್ವರು ಬಂದರೆ ಅವರ ಹಣದಲ್ಲಿ ಊಟದ ಖರ್ಚು ಕಳೆದು ಮಿಕ್ಕಿದ್ದು ಲಾಭ. ಬಂದವರು ಆರೇ ಜನರಾದರೆ ಮೆತ್ತನೆಯ ಸೀಟು ನಷ್ಟದ ಸೀಟು.

ದೆಹಲಿ-ಮುಂಬೈ ಮಾರ್ಗದಲ್ಲಿ ಆ ಎಂಟು ಜನ ಸಿಗುತ್ತಾರೆ. ಅವರಲ್ಲಿ ಬಹಳಷ್ಟು ಜನರ ಟಿಕೆಟ್ ಹಣ ಅವರ ಜೇಬಿನದಲ್ಲ, ಕಂಪನಿಯದು. 2025ರ ಸೆಪ್ಟೆಂಬರ್ 22ರಿಂದ ಬಿಸಿನೆಸ್ ದರ್ಜೆಯ ಜಿಎಸ್‌ಟಿ ಶೇ 12ರಿಂದ 18ಕ್ಕೆ ಏರಿತು, ಎಕಾನಮಿಯದು ಶೇ 5ರಲ್ಲೇ ಉಳಿಯಿತು. ಸ್ವಂತ ಹಣದಲ್ಲಿ ಹೋಗುವವನಿಗೆ ಅದು ಭಾರ. ನೋಂದಾಯಿತ ಕಂಪನಿಗೆ ಅಷ್ಟಿಲ್ಲ, ಕೆಲಸದ ಪ್ರಯಾಣಕ್ಕೆ ಕಟ್ಟಿದ ತೆರಿಗೆಯನ್ನು ಅದು ತನ್ನ ಲೆಕ್ಕಕ್ಕೆ ಜಮೆ ಹಿಡಿಯಬಹುದು.

ಹಾಗಾದರೆ ಲಾಭದಲ್ಲಿ ಒಂದು ಪಾಲನ್ನು ಹಿಂದಿನವರ ಮೊಣಕಾಲಿಗೂ ಕೊಡಬಾರದೇ? ಒಂದು ದೊಡ್ಡ ಸಂಸ್ಥೆ ಕೊಟ್ಟು ನೋಡಿದೆ. 2000ದಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ವಿಮಾನಗಳಿಂದ ಸಾವಿರಾರು ಎಕಾನಮಿ ಸೀಟುಗಳನ್ನು ಕಿತ್ತು, ಉಳಿದ ಸಾಲುಗಳ ನಡುವೆ ಜಾಗ ಹೆಚ್ಚಿಸಿತು. ಜಾಹೀರಾತೂ ಜೋರಾಗಿಯೇ ಇತ್ತು. ಜನ ಮೆಚ್ಚಿದರು, ಆದರೆ ಆ ಮೆಚ್ಚುಗೆಗೆ ಹೆಚ್ಚಿನ ದರ ಕೊಡಲಿಲ್ಲ. ಕೆಲವೇ ವರ್ಷಗಳಲ್ಲಿ ಸೀಟುಗಳು ಮರಳಿ ಬಂದವು. 2001ರ ದಾಳಿಯ ಬಳಿಕ ಅಲ್ಲಿನ ಇಡೀ ಉದ್ಯಮವೇ ನೆಲಕಚ್ಚಿತ್ತು, ಆದ್ದರಿಂದ ತಪ್ಪನ್ನೆಲ್ಲ ಪ್ರಯಾಣಿಕರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಮೊಬೈಲಿನಲ್ಲಿ ಟಿಕೆಟ್ ಹುಡುಕುವಾಗ ನಾವು ಏನು ಮಾಡುತ್ತೇವೆ ಎಂಬುದನ್ನು ಒಮ್ಮೆ ನೆನೆಸಿಕೊಳ್ಳಿ. ಅಗ್ಗದ್ದು ಮೇಲೆ ಬರಲಿ ಎಂದು ಒತ್ತುತ್ತೇವೆ. ಇನ್ನೂರು ರೂಪಾಯಿ ಹೆಚ್ಚಿರುವ ವಿಮಾನದಲ್ಲಿ ಸೀಟಿನ ಅಂತರ ಎಷ್ಟೆಂದು ನೋಡುವವರು ಕಡಿಮೆ. ಸಂಸ್ಥೆಗಳು ನಮ್ಮ ಬೆರಳನ್ನು ನಂಬುತ್ತವೆ, ಬಾಯಿಯನ್ನಲ್ಲ.

ಇದಕ್ಕೆ ವಿರುದ್ಧವಾದ ಒಂದು ಉದಾಹರಣೆ ಜಪಾನಿನಲ್ಲಿದೆ, ಮತ್ತು ನನಗೆ ಅದು ಹೆಚ್ಚು ಇಷ್ಟ. ಜಪಾನ್ ಏರ್‌ಲೈನ್ಸ್ 2010ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಸರ್ಕಾರ ಕರೆತಂದದ್ದು ಕ್ಯೋಸೆರಾ ಕಂಪನಿಯ ಸ್ಥಾಪಕ ಕಾಜುಒ ಇನಾಮೋರಿಯವರನ್ನು. ವಯಸ್ಸು ಎಪ್ಪತ್ತು ದಾಟಿತ್ತು, ವಿಮಾನಯಾನದ ಅನುಭವ ಇರಲಿಲ್ಲ, ಸಂಬಳವನ್ನೂ ತೆಗೆದುಕೊಳ್ಳಲಿಲ್ಲ. ಸಾವಿರಾರು ನೌಕರರು ಕೆಲಸ ಕಳೆದುಕೊಂಡರು, ನಷ್ಟದ ಮಾರ್ಗಗಳು ಮುಚ್ಚಿದವು. ಆ ಕಹಿಯನ್ನು ಮರೆಮಾಚಬಾರದು. ಆದರೆ ಸಂಸ್ಥೆಯನ್ನು ಸಣ್ಣ ಸಣ್ಣ ಘಟಕಗಳಾಗಿ ಒಡೆದು, ಪ್ರತಿ ಮಾರ್ಗದ ಆದಾಯ-ವೆಚ್ಚವನ್ನು ಅಲ್ಲಿ ದುಡಿಯುವವರೇ ಬೇಗ ನೋಡುವಂತೆ ಮಾಡಿದರು. 2012ರ ಸೆಪ್ಟೆಂಬರಿನಲ್ಲಿ ಸಂಸ್ಥೆ ಮತ್ತೆ ಷೇರುಪೇಟೆಗೆ ಮರಳಿತು. ಅದರ ಬೆನ್ನಿಗೇ ಎಕಾನಮಿ ಸೀಟುಗಳ ಅಂತರವನ್ನು ಹೆಚ್ಚಿಸಿತು. ಬೋಯಿಂಗ್ 787 ವಿಮಾನದಲ್ಲಿ ಉಳಿದವರು ಸಾಮಾನ್ಯವಾಗಿ ಅಡ್ಡಸಾಲಿಗೆ ಒಂಬತ್ತು ಸೀಟು ಹಾಕುತ್ತಾರೆ, ಜಪಾನ್ ಏರ್‌ಲೈನ್ಸ್ ತನ್ನ ಅಂತರರಾಷ್ಟ್ರೀಯ ವಿಮಾನಗಳಲ್ಲಿ ಎಂಟೇ ಹಾಕಿತು. ಹತ್ತು-ಹನ್ನೆರಡು ಗಂಟೆ ಹಾರುವ ಮಾರ್ಗದಲ್ಲಿ ಜನ ಸೀಟನ್ನು ನೋಡಿ ಟಿಕೆಟ್ ಕೊಳ್ಳುತ್ತಾರೆ. ಒಂದು ಗಂಟೆಯ ಮಾರ್ಗದಲ್ಲಿ ಆ ಲೆಕ್ಕ ನಡೆಯುವುದಿಲ್ಲ.

ಎಲ್ಲರಿಗೂ ಎಲ್ಲವನ್ನೂ ಕೊಡಲು ಹೋದ ಕಿಂಗ್‌ಫಿಷರ್ ಕಥೆ ಕರ್ನಾಟಕದವರಿಗೆ ಹೇಳಬೇಕಿಲ್ಲ. 2005ರಲ್ಲಿ ಶುರುವಾಗಿ 2012ರ ಅಕ್ಟೋಬರಿನಲ್ಲಿ ನೆಲಕ್ಕಿಳಿಯಿತು, ನಡುವೆ ಒಂದು ವರ್ಷವೂ ಲಾಭ ಕಾಣಲಿಲ್ಲ. ಸಂಬಳ ಸಿಗದೆ ಉಳಿದವರಿಗೆ ಆ ಆತಿಥ್ಯದ ನೆನಪು ಸಿಹಿಯಾಗಿರಲಾರದು.

ಈಗ ನಿಮಗೆ ಸಲ್ಲಬೇಕಾದದ್ದಕ್ಕೆ ಬರೋಣ. ಊಟ, ಮೆತ್ತನೆಯ ಸೀಟು, ಲೌಂಜ್ ಇವು ಹಣ ಕೊಟ್ಟು ಕೊಳ್ಳುವ ಸವಲತ್ತುಗಳು. ಹೇಳಿದ ಹೊತ್ತಿಗೆ ಹೊರಡುವುದು, ರದ್ದಾದರೆ ತಕ್ಷಣ ತಿಳಿಸುವುದು, ಹಣ ಮರಳಿಸುವುದು, ಫೋನ್ ಎತ್ತುವುದು ಸವಲತ್ತುಗಳಲ್ಲ. ಅವು ಅತ್ಯಂತ ಅಗ್ಗದ ಟಿಕೆಟಿನೊಳಗೂ ಸೇರಿವೆ. ಲಾಭ ಮರಳಿದಾಗ ಮೊದಲ ಹಣ ಹೋಗಬೇಕಾದದ್ದು ಇಲ್ಲಿಗೆ, ಅಂದರೆ ಹೆಚ್ಚುವರಿ ಪೈಲಟ್‌ಗಳಿಗೆ, ಸಿದ್ಧವಾಗಿ ನಿಂತ ಬದಲಿ ವಿಮಾನಕ್ಕೆ, ಕೌಂಟರಿನಲ್ಲಿ ಇನ್ನೊಬ್ಬ ಸಿಬ್ಬಂದಿಗೆ. ಜಾಹೀರಾತಿನಲ್ಲಿ ಇವು ಚೆಂದ ಕಾಣುವುದಿಲ್ಲ, ಹಾಗಾಗಿ ಕೊನೆಗೆ ಉಳಿಯುತ್ತವೆ.

ಆಸ್ಟ್ರೇಲಿಯಾದ ಕ್ವಾಂಟಾಸ್ ಇದರ ಬೆಲೆ ತೆತ್ತಿತು. ಮೂರು ವರ್ಷದ ನಷ್ಟದ ಬಳಿಕ 2023ರ ಆಗಸ್ಟಿನಲ್ಲಿ 247 ಕೋಟಿ ಆಸ್ಟ್ರೇಲಿಯನ್ ಡಾಲರ್ ಲಾಭ ಪ್ರಕಟಿಸಿತು. ಅದೇ ತಿಂಗಳ ಕೊನೆಗೆ ಅಲ್ಲಿನ ಗ್ರಾಹಕ ಆಯೋಗ ನ್ಯಾಯಾಲಯಕ್ಕೆ ಹೋಯಿತು: ರದ್ದು ಮಾಡಲು ಆಗಲೇ ತೀರ್ಮಾನಿಸಿದ್ದ ಸಾವಿರಾರು ವಿಮಾನಗಳಿಗೆ ಸಂಸ್ಥೆ ಟಿಕೆಟ್ ಮಾರುತ್ತಲೇ ಇತ್ತು ಎಂಬುದು ಆರೋಪ. ಮುಖ್ಯಸ್ಥ ಅಲನ್ ಜಾಯ್ಸ್ ಅವಧಿಗೆ ಮೊದಲೇ ಹೊರನಡೆದರು. ಸಂಸ್ಥೆ ತಪ್ಪೊಪ್ಪಿತು, 10 ಕೋಟಿ ಡಾಲರ್ ದಂಡದ ಜೊತೆಗೆ ಪ್ರಯಾಣಿಕರಿಗೆ ಪರಿಹಾರವನ್ನೂ ಕೊಡಬೇಕಾಯಿತು.

ನಮ್ಮಲ್ಲಿ 2025ರ ಡಿಸೆಂಬರ್ ಮೊದಲ ವಾರ ಅಂಥದ್ದೇ ಪಾಠ. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸುವುದು, ರಾತ್ರಿ ಲ್ಯಾಂಡಿಂಗ್ ಮಿತಿಗೊಳಿಸುವುದು ಮೊದಲಾದ ನಿಯಮಗಳು ಬರಲಿವೆ ಎಂಬುದು ಬಹಳ ಮೊದಲೇ ಗೊತ್ತಿತ್ತು. ಆದರೂ ಸಾಕಷ್ಟು ಸಿದ್ಧತೆ ಇಲ್ಲದೆ ಇಂಡಿಗೋದ ಸಾವಿರಾರು ವಿಮಾನಗಳು ರದ್ದಾದವು. ಸರ್ಕಾರ ಟಿಕೆಟ್ ದರಕ್ಕೆ ಮಿತಿ ಹಾಕಿತು, 500 ಕಿಲೋಮೀಟರ್ ಒಳಗಿನ ಪ್ರಯಾಣಕ್ಕೆ 7,500 ರೂಪಾಯಿ. ಆ ಮಿತಿ ಬಿಸಿನೆಸ್ ದರ್ಜೆಗೆ ಅನ್ವಯಿಸಲಿಲ್ಲ. ವಿಮಾನವೇ ಹೊರಡದಿದ್ದಾಗ ಮುಂದಿನ ಸಾಲು, ಹಿಂದಿನ ಸಾಲು ಎಂಬ ಭೇದ ಉಳಿಯಲಿಲ್ಲ ಎನ್ನುವುದೂ ನಿಜ.

ಬೆಳಗಾವಿಯಂಥ ಊರಿಗೆ ಇನ್ನೊಂದು ತೊಡಕಿದೆ. ಖಾನಾವಳಿಯವನು ಪಲ್ಯ ಕಡಿಮೆ ಬಡಿಸಿದರೆ ಗಿರಾಕಿ ಮರುದಿನ ಪಕ್ಕದ ಖಾನಾವಳಿಗೆ ಹೋಗುತ್ತಾನೆ. ಸಾಂಬ್ರಾದಲ್ಲಿ ಪಕ್ಕದ ಖಾನಾವಳಿ ಎಲ್ಲಿದೆ? ಒಂದು ಮಾರ್ಗಕ್ಕೆ ಒಂದೋ ಎರಡೋ ಸಂಸ್ಥೆ. 2018ರಲ್ಲಿ ಹುಬ್ಬಳ್ಳಿಗೆ ಉಡಾನ್, ಅಂದರೆ ಸಣ್ಣ ಊರುಗಳ ವಿಮಾನ ಮಾರ್ಗಕ್ಕೆ ಸರ್ಕಾರ ನೆರವು ಕೊಡುವ ಯೋಜನೆ, ಸಿಕ್ಕಾಗ ಇಲ್ಲಿನ ವಿಮಾನಗಳು ಅತ್ತ ಹೊರಳಿದ್ದನ್ನು ನೀವು ಮರೆತಿರಲಾರಿರಿ. ಬೆಳಗಾವಿಗೂ ಉಡಾನ್ ಬಂದ ಮೇಲೆ ಮಾರ್ಗಗಳು ಹೆಚ್ಚಿದವು, ಆದರೆ ಸರ್ಕಾರದ ನೆರವು ಒಂದು ಮಾರ್ಗಕ್ಕೆ ಮೂರು ವರ್ಷ ಮಾತ್ರ. ಅವಧಿ ಮುಗಿದ ಮೇಲೆ ಸೀಟು ತುಂಬದ ಮಾರ್ಗ ಉಳಿಯುವುದು ಕಷ್ಟ. ಇದ್ದುದರಲ್ಲಿ ಒಂದು ಸಮಾಧಾನವಿದೆ. ಇಲ್ಲಿಂದ ಹಾರುವ ಸ್ಟಾರ್ ಏರ್ ಸಂಸ್ಥೆ ಬಳಸುವ ಎಂಬ್ರಾಯರ್ ವಿಮಾನಗಳಲ್ಲಿ ಇಬ್ಬರ ನಡುವೆ ಇಕ್ಕಟ್ಟಿನಲ್ಲಿ ಕೂರುವ ಮಧ್ಯದ ಸೀಟೇ ಇಲ್ಲ. ಅದರ 76 ಸೀಟಿನ ಎಂಬ್ರಾಯರ್ 175ರಲ್ಲಿ 12 ಬಿಸಿನೆಸ್ ಸೀಟುಗಳೂ ಇವೆ. ಬೆಂಗಳೂರಿಗಾದರೆ 2025ರ ಆಗಸ್ಟ್ 10ರಂದು ಶುರುವಾದ ವಂದೇ ಭಾರತ್ ರೈಲು ಕೂಡ ಒಂದು ಬಗೆಯ ಪೈಪೋಟಿ. ಹಗಲು ಪೂರ್ತಿ ಬೇಕಾದರೂ ಕಾಲು ಚಾಚಲು ಜಾಗವಿದೆ.

ಟಿಕೆಟಿನೊಳಗೆ ಏನು ಸೇರಿದೆ ಎಂಬುದನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳು ಹೇಳುತ್ತವೆ. ಎರಡೂವರೆ ಗಂಟೆಯೊಳಗಿನ ಪ್ರಯಾಣ ಎರಡು ಗಂಟೆ ಅಥವಾ ಹೆಚ್ಚು ತಡವಾದರೆ ನಿಲ್ದಾಣದಲ್ಲಿ ಊಟ-ಉಪಾಹಾರ ಕೊಡಬೇಕು, ಚಹಾಕ್ಕೆ ಹಣ ಕೇಳುವಂತಿಲ್ಲ. ಆರು ಗಂಟೆ ದಾಟುವ ವಿಳಂಬಕ್ಕೆ ಬೇರೆ ವಿಮಾನ ಅಥವಾ ಪೂರ್ಣ ಹಣ. ಸಮಯಕ್ಕೆ ತಿಳಿಸದೆ ರದ್ದು ಮಾಡಿದರೆ, ಒಂದರಿಂದ ಎರಡು ಗಂಟೆಯ ಪ್ರಯಾಣಕ್ಕೆ 7,500 ರೂಪಾಯಿ ಅಥವಾ ಮೂಲದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತ, ಇವೆರಡರಲ್ಲಿ ಕಡಿಮೆಯಾದದ್ದು ಪರಿಹಾರ. ಹವಾಮಾನದಂಥ, ಸಂಸ್ಥೆಯ ಕೈಮೀರಿದ ಕಾರಣಕ್ಕೆ ಈ ಪರಿಹಾರ ಸಿಗದು. ಕೌಂಟರಿನಲ್ಲಿ ಕೇಳುವಾಗ ರದ್ದತಿಗೆ ಕೊಟ್ಟ ಕಾರಣವನ್ನು ಬರಹದಲ್ಲೇ ಪಡೆಯಿರಿ, ಬಾಯಿಮಾತಿನ 'ತಾಂತ್ರಿಕ ತೊಂದರೆ' ಆಮೇಲೆ 'ಹವಾಮಾನ' ಆಗಿಬಿಡಬಹುದು.

ಮುಂದಿನ ಸಾಲಿನ ಟಿಕೆಟ್ ನೀವು ಕೊಳ್ಳಬೇಕೇ? ಬೆಂಗಳೂರಿನವರೆಗಿನ ಒಂದು ಗಂಟೆ ಚಿಲ್ಲರೆ ಹಾರಾಟಕ್ಕೆ, ಸ್ವಂತ ಹಣದಲ್ಲಿ, ಶೇ 18ರ ತೆರಿಗೆ ಸೇರಿಸಿ? ಮೊಣಕಾಲು ನೋವು ತೀರಾ ಇದ್ದರೆ ಎಕಾನಮಿಯಲ್ಲೇ ಮೊದಲ ಸಾಲಿನ ಸೀಟನ್ನು ಹೆಚ್ಚುವರಿ ಶುಲ್ಕ ಕೊಟ್ಟು ಆರಿಸಿಕೊಳ್ಳುವುದು ಸಾಕು. ತುರ್ತು ಬಾಗಿಲಿನ ಸಾಲಿನಲ್ಲೂ ಜಾಗ ಹೆಚ್ಚು, ಆದರೆ ಅಗತ್ಯ ಬಿದ್ದರೆ ಬಾಗಿಲು ತೆರೆಯುವ ಶಕ್ತಿ ಇದ್ದವರಿಗೆ ಮಾತ್ರ ಅದನ್ನು ಕೊಡುತ್ತಾರೆ.